ಮಂಗನ ಕಾಯಿಲೆ ಮೊದಲು ಯಾರ ಮನೆಗೆ ಬರುತ್ತದೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳ ಜನರೂ ಜ್ವರ ಹಿಡಿದು ಮಲಗಿದರು. ಹಳದಿ ಜ್ವರವೇ ಬಂತೇನೋ ಎಂದು ಮೊದಲು ಅನುಮಾನ ಬಂದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಸ ವೈರಸ್. ಅದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ.

ಸತ್ತ ಮಂಗನ ಮೈಯಿಂದ ಉಣುಗುಗಳು ಅಲ್ಲೇ ಕೆಳಗೆ ಉದುರುತ್ತವೆ. ಮಳೆಗಾಲ ಮುಗಿದ ಮೇಲೆ ಮರಿ ಉಣುಗುಗಳು ಒಣ ಎಲೆಗಳ ನಡುವೆ ಜಾಸ್ತಿಯಾಗುತ್ತವೆ. ಹಾಗಾಗಿ ನವೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ಮಲೆನಾಡಿನಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದೂ, ಮಳೆಗಾಲಕ್ಕೆ ಸೌದೆ ಕೂಡಿಡುವುದೂ ಇದೇ ತಿಂಗಳುಗಳಲ್ಲಿ. ದರಕು ಹೋಗುವುದು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ಅಡಿಕೆ ತೋಟಕ್ಕೆ. ತೋಟ ಒಬ್ಬರದು, ಗುಡಿಸುವ ಕೈ ಇನ್ನೊಬ್ಬರದು. ತೋಟದವರಿಗೂ ಉಣುಗು ಕಚ್ಚುತ್ತದೆ, ನಿಜ. ಆದರೆ ಗ್ಯಾಸ್ ಸಿಲಿಂಡರ್ ಕೊಳ್ಳಲು ಆಗುವವರು, ಸ್ವಂತ ಹುಲ್ಲುಗಾವಲು ಇರುವವರು ಆ ಆರೇಳು ತಿಂಗಳು ಕಾಡಿನಿಂದ ದೂರ ಇರಬಹುದು. ಕೂಲಿಯವರು ಹೇಗೆ ಇರುತ್ತಾರೆ? ಒಂದೆರಡೇ ದನ ಇದ್ದರೂ ಅವರು ಅವನ್ನು ಕಾಡಿಗೇ ಬಿಡಬೇಕು. ಸಂಜೆ ಆ ದನಗಳ ಮೈಮೇಲೆ ಉಣುಗು ಮನೆಗೇ ಬರುತ್ತದೆ.

ಕಾಡಿನ ಅಂಚಿಗೆ ಬಡವರು ಸುಮ್ನೆ ಬಂದು ಸೇರಿದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಕುಟುಂಬಗಳು ಊರು ಕಳೆದುಕೊಂಡು ಕಾಡಂಚಿನಲ್ಲಿ ನೆಲೆ ಹುಡುಕಿದವು. ಹಲವರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಾದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವಿನ ಮೇಲೆ ಸಾವು ಆದಾಗಲಷ್ಟೇ ರಾಜ್ಯ ಈ ಕಾಯಿಲೆಯತ್ತ ಮತ್ತೆ ತಿರುಗಿ ನೋಡಿತು.

ಇದಕ್ಕೆಂದೇ ಔಷಧಿ ಇಲ್ಲ. ಜ್ವರ ಬಿಟ್ಟರೂ ನಿಶ್ಶಕ್ತಿ ವಾರಗಟ್ಟಲೆ ಇರುತ್ತದೆ. ದಿನಗೂಲಿಯ ಮನೆಗೆ ಅದು ವಾರಗಟ್ಟಲೆ ದುಡಿಮೆ ಇಲ್ಲದ ಹಾಗೆ. ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಮತ್ತೆ ಬೂಸ್ಟರ್ ಹಾಕಿಸಿಕೊಳ್ಳಬೇಕಿತ್ತು. ತುಂಬಾ ನೋವು ಬೇರೆ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುವಾಗ ಎಲ್ಲರೂ ಪೂರ್ತಿ ಹಾಕಿಸಿಕೊಂಡಾರೇ? ಅದರ ಶಕ್ತಿಯೂ ಸಾಲದೆ 2022ರಲ್ಲಿ ಬಳಕೆಯೇ ನಿಂತಿತು. ಉಳಿದದ್ದು ಮೈಗೆ ಹಚ್ಚುವ ಎಣ್ಣೆ, ಜೊತೆಗೆ 'ಕಾಡಿಗೆ ಹೋಗಬೇಡಿ' ಎಂಬ ಬೋರ್ಡು.

ಕಾಡಿಗೆ ಹೋಗಬೇಡಿ ಎನ್ನುವ ಸರ್ಕಾರ ಆ ತಿಂಗಳುಗಳ ಸೌದೆಗೂ ಕೂಲಿಗೂ ದಾರಿ ತೋರಿಸಬೇಕು, ಅಲ್ವಾ? ಹೊಸ ಲಸಿಕೆ ಬಂದ ದಿನ ಅದನ್ನು ಕೆಲಸ ಬಿಟ್ಟ ಮೇಲೆ, ಸಂಜೆ ಹೊತ್ತು, ಕೇರಿಗೇ ಹೋಗಿ ಹಾಕಬೇಕು.