‘ಧಾರಾವಾಹಿ ಮುಗಿಯುವವರೆಗೆ’: ನಟಿಯರ ಕರಾರಿನಲ್ಲಿ ಅವಧಿಯ ಲೆಕ್ಕ

ಕರಾರುಪತ್ರ ಕೈಗೆ ಬಂದ ಕೂಡಲೇ ಹೊಸ ನಟಿಯರು ಹುಡುಕುವುದು ಸಂಭಾವನೆಯ ಪುಟವನ್ನು. ಮೊತ್ತದ ಮಾತು ಹೇಗೂ ಮೊದಲೇ ಆಗಿರುತ್ತದೆ, ಅಲ್ಲಿ ತಪ್ಪುವುದು ಕಡಿಮೆ. ಎಡವುವುದು ಅವಧಿಯ ಕಲಮಿನಲ್ಲಿ.

‘ಧಾರಾವಾಹಿ ಮುಕ್ತಾಯವಾಗುವವರೆಗೆ ನಟಿಯು ಬೇರಾವುದೇ ವಾಹಿನಿ, ಚಲನಚಿತ್ರ ಅಥವಾ ಜಾಹೀರಾತಿನಲ್ಲಿ ಕಾಣಿಸಿಕೊಳ್ಳತಕ್ಕದ್ದಲ್ಲ.’ ಈ ಸಾಲಿನಲ್ಲಿ ದಿನಾಂಕವೇ ಇಲ್ಲ. ದಿನವಹಿ ಧಾರಾವಾಹಿ 200 ಕಂತಿಗೇ ನಿಲ್ಲಬಹುದು, 1500 ದಾಟಲೂಬಹುದು. ಅದನ್ನು ತೀರ್ಮಾನಿಸುವುದು ವಾಹಿನಿ, ಕಟ್ಟುಬೀಳುವುದು ನಟಿ. ಸಂಭಾವನೆ ದಿನದ ಲೆಕ್ಕದಲ್ಲಿದ್ದರಂತೂ ತೊಂದರೆ ಇಮ್ಮಡಿ. ಕಥೆಯಲ್ಲಿ ಪಾತ್ರ ವಿದೇಶಕ್ಕೆ ಹೋಯಿತು ಎನ್ನಿ: ಎರಡು ತಿಂಗಳು ಶೂಟಿಂಗಿಗೆ ಕರೆ ಇಲ್ಲ, ದುಡ್ಡೂ ಇಲ್ಲ. ಆದರೆ ಪಾತ್ರ ಮುಗಿದಿಲ್ಲವಾದ್ದರಿಂದ ಬೇರೆ ಕೆಲಸ ಒಪ್ಪುವಂತೆಯೂ ಇಲ್ಲ. ಕೋಮಾಕ್ಕೆ ಹೋದವಳಿಗಾದರೂ ಆಗೀಗ ಆಸ್ಪತ್ರೆಯ ದೃಶ್ಯ ಸಿಗುತ್ತದೆ, ವಿದೇಶಕ್ಕೆ ಹೋದವಳಿಗೆ ಅದೂ ಇಲ್ಲ.

ಇದಕ್ಕೆ ಕೇಳಬೇಕಾದ್ದು ಕನಿಷ್ಠ ದಿನಗಳ ಖಾತರಿ. ತಿಂಗಳಿಗೆ 12 ಅಥವಾ 15 ದಿನ ಕೆಲಸ ಕೊಡಬೇಕು, ಕೊಡದಿದ್ದರೂ ಅಷ್ಟು ದಿನಗಳ ಸಂಭಾವನೆ ಸಲ್ಲಬೇಕು. ಇದಕ್ಕೆ ನಿರ್ಮಾಪಕರು ಒಪ್ಪದಿದ್ದರೆ, ಸತತ 30 ದಿನ ಕರೆಯದೇ ಇದ್ದಲ್ಲಿ ಹೊರಗಿನ ಕೆಲಸದ ನಿರ್ಬಂಧ ತಾನಾಗಿ ತೆರವಾಗುತ್ತದೆ ಎಂದಾದರೂ ಬರೆಸಿಕೊಳ್ಳಿ. ನೋಟಿಸಿನ ಅವಧಿಯನ್ನೂ ನೋಡಿ: ನಟಿ 90 ದಿನ ಮುಂಚೆ ತಿಳಿಸಬೇಕು, ನಿರ್ಮಾಪಕರು ಮಾತ್ರ ಯಾವಾಗ ಬೇಕಾದರೂ ನಟಿಯನ್ನು ಬದಲಿಸಬಹುದು ಎಂಬಂಥ ಕಲಮಿಗೆ ಸಹಿ ಹಾಕಬಾರದು. ಎರಡೂ ಕಡೆಗೆ ಒಂದೇ ಲೆಕ್ಕವಿರಲಿ.

ಕೆಲಸ ಮಾಡದ ದಿನಗಳನ್ನು ಅವಧಿಗೆ ಸೇರಿಸುವ ಚಾಳಿ ಹಳೆಯದು. ಹಾಲಿವುಡ್ಡಿನಲ್ಲಿ ಒಪ್ಪದ ಪಾತ್ರವನ್ನು ನಿರಾಕರಿಸಿದ ನಟಿಯನ್ನು ಸಂಬಳವಿಲ್ಲದೆ ಅಮಾನತಿನಲ್ಲಿಟ್ಟು, ಆ ದಿನಗಳನ್ನು ಏಳು ವರ್ಷದ ಕರಾರಿನ ಬಾಲಕ್ಕೆ ಅಂಟಿಸುತ್ತಿದ್ದರು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ 1943ರಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೋ ವಿರುದ್ಧ ಕೋರ್ಟಿಗೆ ಹೋದದ್ದು ಇದೇ ಕಾರಣಕ್ಕೆ. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1944ರ ಡಿಸೆಂಬರಿನಲ್ಲಿ ಹೇಳಿತು. ವ್ಯಾಜ್ಯ ನಡೆದಷ್ಟೂ ಕಾಲ ಅವರಿಗೆ ಸಿನಿಮಾ ಕೆಲಸ ಸಿಗಲಿಲ್ಲ. ಆಮೇಲೆ 1946 ಮತ್ತು 1949ರ ಚಿತ್ರಗಳಿಗೆ ಎರಡು ಆಸ್ಕರ್ ಬಂದವು ಎನ್ನುವುದು ಬೇರೆ ಮಾತು. ಆ ಚಾಳಿ ಇವತ್ತಿಗೂ ‘ಅನಾರೋಗ್ಯ, ಗರ್ಭಧಾರಣೆ ಅಥವಾ ಇತರೆ ಕಾರಣಗಳಿಂದ ಗೈರಾದ ದಿನಗಳನ್ನು ಅವಧಿಗೆ ಸೇರಿಸಲಾಗುವುದು’ ಎಂಬ ವೇಷದಲ್ಲಿ ಬರುತ್ತದೆ. ಅದನ್ನು ಹೊಡೆದುಹಾಕಿಸಲು ಆಗದಿದ್ದರೆ ಪಕ್ಕದಲ್ಲೇ ‘ಯಾವ ಕಾರಣಕ್ಕೂ ಇಂಥ ದಿನಾಂಕದಾಚೆಗೆ ವಿಸ್ತರಿಸತಕ್ಕದ್ದಲ್ಲ’ ಎಂದು ನಿಜವಾದ ತಾರೀಖನ್ನೇ ಹಾಕಿಸಿ.

ಸಿನಿಮಾದಲ್ಲಿ ಕಾಟ ಕೊಡುವುದು ಪ್ಯಾಚ್‌ವರ್ಕ್, ಅಂದರೆ ಬಿಟ್ಟುಹೋದ ಶಾಟ್‌ಗಳನ್ನು ಆಮೇಲೆ ಚಿತ್ರೀಕರಿಸುವುದು. ಚಿತ್ರೀಕರಣ ಮುಗಿದು ನಾಲ್ಕು ತಿಂಗಳಾದ ಮೇಲೆ ಎಡಿಟಿಂಗ್ ಮೇಜಿನಲ್ಲಿ ಒಂದು ಶಾಟ್ ಕಡಿಮೆ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಮುಂದಿನ ಚಿತ್ರಕ್ಕಾಗಿ ಕೂದಲು ಕತ್ತರಿಸಿಯಾಗಿದ್ದರೆ ಕಂಟಿನ್ಯೂಟಿ (ಮೊದಲಿನ ಶಾಟ್‌ಗಳ ಜೊತೆಗಿನ ಹೊಂದಿಕೆ) ಹೋಯಿತು, ವಿಗ್ ಖರ್ಚು ಯಾರದೆಂಬ ಜಗಳ ಶುರು. ಕೊನೆಯ ಶೂಟಿಂಗ್ ದಿನದಿಂದ 60 ದಿನ ಗೆಟಪ್ ಕಾಯುತ್ತೇನೆ, ಪ್ಯಾಚ್‌ವರ್ಕ್ 3 ದಿನ ಮೀರಿದರೆ ದಿನಕ್ಕಿಷ್ಟು ಎಂದು ಮೊದಲೇ ನಮೂದಿಸಿದರೆ ಇಬ್ಬರಿಗೂ ನೆಮ್ಮದಿ. ಡಬ್ಬಿಂಗ್, ಪ್ರಚಾರದ ದಿನಗಳಿಗೂ ಮಿತಿ ಬೇಕು.

ಈಗ ಮುಖ, ದನಿಗಳ ಡಿಜಿಟಲ್ ನಕಲಿನ ಕಲಮೂ ಸೇರಿಕೊಂಡಿದೆ. ಅಮೆರಿಕದ ನಟ-ನಟಿಯರ ಸಂಘ 2023ರಲ್ಲಿ 118 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. ಯಾವ ಚಿತ್ರಕ್ಕೆ, ಯಾವ ದೃಶ್ಯಕ್ಕೆ ಎಂದು ಹೆಸರಿಸದ ಒಪ್ಪಿಗೆ ಕೊಡಬೇಡಿ; ‘ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಪದಗಳು ನಕಲಿಗೂ ಅನ್ವಯಿಸುತ್ತವೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಷ್ಟೆಲ್ಲ ಬರೆಸಿಕೊಂಡರೂ ದಾಖಲೆ ಇಲ್ಲದಿದ್ದರೆ ಬಾಕಿ ವಸೂಲಿ ಕಷ್ಟ. ಸೆಟ್ಟಿಗೆ ಬಂದ ಹೊತ್ತು, ಪ್ಯಾಕಪ್ ಆದ ಹೊತ್ತು, ಹಿಂದಿನ ರಾತ್ರಿ ಬಂದ ಕಾಲ್‌ಶೀಟಿನ ಸಂದೇಶ, ಕೊನೇ ಗಳಿಗೆಯಲ್ಲಿ ರದ್ದಾದ ದಿನ, ಇವನ್ನು ಅದೇ ದಿನ ಬರೆದಿಟ್ಟು, ತಿಂಗಳ ಕೊನೆಗೆ ಬಿಲ್ಲಿನ ಜೊತೆ ಪ್ರೊಡಕ್ಷನ್ ಮ್ಯಾನೇಜರಿಗೆ ಇಮೇಲ್ ಮಾಡಿ.