ಗಟ್ಟಿ: ಪಾಯ ಯಾವುದೆಂದು ಹೇಳುವ ಪದ

ಕೋಲಾರದ ಕಡೆ ಮನೆಗೆ ಪಾಯ ತೋಡುವ ಜಾಗದಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: "ಗಟ್ಟಿ ಸಿಕ್ತಾ?" ಇಲ್ಲಿ ಗಟ್ಟಿ ಅನ್ನುವುದು ಗುಣವಲ್ಲ, ವಸ್ತು. ಮೇಲಿನ ಸಡಿಲ ಮಣ್ಣು, ಬೇರು, ಕಸ ಎಲ್ಲ ದಾಟಿದ ಮೇಲೆ ಬರುವ, ಹಿಂದೆ ಯಾರೂ ಕದಡದ, ಮನೆಯ ಭಾರಕ್ಕೆ ಕುಸಿಯದ, ನೀರು ನಿಂತರೂ ಕರಗದ ಪದರಕ್ಕೆ ಆ ಹೆಸರು. ಕಲ್ಲಿನ ಪಾಯವೋ, ಪಿಲ್ಲರಿನ ಬುಡಕ್ಕೆ ಕಾಂಕ್ರೀಟ್ ಪಾದ ಹಾಕುವ ಪಿಲ್ಲರ್ ಫುಟಿಂಗೋ, ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು ಹಾಕುವ ರಾಫ್ಟೋ, ಆಳಕ್ಕೆ ಕಂಬ ಇಳಿಸುವ ಪೈಲೋ ಅನ್ನುವ ಚರ್ಚೆ ಶುರುವಾಗಬೇಕಾದ್ದು ಇಲ್ಲಿಂದ. ಗಟ್ಟಿ ಎಷ್ಟು ಅಡಿಗೆ ಸಿಕ್ಕಿತು, ನಾಲ್ಕೂ ಮೂಲೆಯಲ್ಲಿ ಒಂದೇ ಆಳಕ್ಕೆ ಸಿಕ್ಕಿತೇ ಎಂಬ ಎರಡು ಉತ್ತರ ಕೈಯಲ್ಲಿಲ್ಲದೆ ಪಾಯದ ಬಗೆ ಆರಿಸುವುದು ಅಳತೆ ತೆಗೆಯದೆ ಅಂಗಿ ಹೊಲಿದ ಹಾಗೆ.

ಪಾಯ ಅನ್ನುವುದು ಪರ್ಷಿಯನ್ ಮೂಲದ ಪದ, ಅರ್ಥ ಕಾಲು. ಅದರ ಹಿಂದೆ ನಮ್ಮದೇ 'ಅಡಿ' ಸೇರಿಸಿ ಅಡಿಪಾಯ ಮಾಡಿಕೊಂಡಿದ್ದೇವೆ. ಕಾಲು ಎರಡು ಸಲ ಬಂತು, ಕಾಲೂರುವ ನೆಲ ಮಾತ್ರ ಪದದಲ್ಲಿ ಎಲ್ಲೂ ಇಲ್ಲ. ಕೆಲಸದ ಜಾಗದಲ್ಲೂ ಬಹಳ ಸಲ ಹಾಗೆಯೇ ಆಗುತ್ತದೆ.

ಈ ಭಾಗದ ಗಟ್ಟಿ ಸಾಮಾನ್ಯವಾಗಿ ಗರಸು. ಗ್ರಾನೈಟ್ ಜಾತಿಯ ಬಂಡೆಯೇ ಸವೆದು ಕೊಳೆತು ಆದ ಒರಟು, ಕಲ್ಲುಚೂರು ಬೆರೆತ ಮಣ್ಣು. ಪಿಕಾಸಿಗೆ ಹೆಂಟೆಯಾಗಿ ಏಳದೆ ಪುಡಿಪುಡಿಯಾಗಿ ಬರುತ್ತದೆ. ಎತ್ತರದ ಜಾಗದಲ್ಲಿ ಮೂರು ನಾಲ್ಕು ಅಡಿಗೇ ಸಿಗುವುದುಂಟು. ಕೆರೆ ಅಂಗಳ, ಅಚ್ಚುಕಟ್ಟು, ರಾಜಕಾಲುವೆ ಪಕ್ಕದಲ್ಲಿ ಗೋಡುಮಣ್ಣು, ಜೇಡಿ ದಾಟಲು ಎಂಟು ಹತ್ತು ಅಡಿಯಾದರೂ ಆಶ್ಚರ್ಯವಿಲ್ಲ.

ನೋಡುವ ಕ್ರಮ ಸರಳ. 30×40 ಸೈಟಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಒಟ್ಟು ಐದು ಗುಂಡಿ. ಒಂದೊಂದೂ ಮೂರಡಿ ಚೌಕ, ಐದಾರು ಅಡಿ ಆಳ. ಗುಂಡಿಯ ಗೋಡೆಯನ್ನು ಸಲಿಕೆಯಲ್ಲಿ ಕೆರೆದರೆ ಪದರಗಳು ಕಾಣುತ್ತವೆ. ಪದರವೇ ಇಲ್ಲದೆ ಕೆಂಪು, ಕಪ್ಪು, ಬೂದಿ ಬಣ್ಣ ಕಲಸಿಕೊಂಡು ನಡುವೆ ಇಟ್ಟಿಗೆ ಚೂರೋ ಪ್ಲಾಸ್ಟಿಕ್ ಕವರೋ ಕಂಡರೆ ಅದು ತುಂಬಿಸಿದ ಮಣ್ಣು. ಮಾಲೂರು ಕಡೆ ಇಟ್ಟಿಗೆ, ಹೆಂಚಿಗೆ ಮಣ್ಣು ತೆಗೆದ ಗುಂಡಿಗಳನ್ನು ಮುಚ್ಚಿ ಮಾಡಿದ ಸೈಟಾಗಿದ್ದರೆ ಈ ಪರೀಕ್ಷೆ ಇನ್ನೂ ಮುಖ್ಯ. ಮುಚ್ಚಿಹೋದ ಹಳೆಯ ಬಾವಿಯ ವಿಚಾರವನ್ನು ಊರಿನ ಹಿರಿಯರ ಹತ್ತಿರ ಕೇಳಿಯೇ ತಿಳಿಯಬೇಕು. ಬಾವಿಯ ಬಾಯಿ ಮೇಲೆ ಫುಟಿಂಗ್ ಬರಬಾರದು. ಪಿಲ್ಲರ್ ಸರಿಸಬೇಕು, ಇಲ್ಲವೇ ಬಾವಿಯ ಆಚೆ ಈಚೆ ಗಟ್ಟಿಯಲ್ಲಿ ಫುಟಿಂಗ್ ಹಾಕಿ ನಡುವೆ ಬೀಮ್ ದಾಟಿಸಬೇಕು.

ಮೋಸ ಮಾಡುವ ಗಟ್ಟಿಗಳು ಮೂರಿವೆ. ಮೊದಲನೆಯದು ಬೇಸಿಗೆಯ ಗಟ್ಟಿ. ಏಪ್ರಿಲ್ ಬಿಸಿಲಿಗೆ ಒಣಗಿದ ಜೇಡಿಮಣ್ಣಿಗೆ ಹಾರೆ ಹಾಕಿದರೆ ಕಲ್ಲಿಗೆ ಹೊಡೆದಂತೆ ಪುಟಿಯುತ್ತದೆ. ಸಂಜೆ ಗುಂಡಿಗೆ ಎರಡು ಮೂರು ಡ್ರಮ್ ನೀರು ಬಿಟ್ಟು ಬೆಳಿಗ್ಗೆ ಅದೇ ಹಾರೆ ಹಾಕಿ. ನಿಜವಾದ ಗರಸಾದರೆ ಒಂದೆರಡು ಇಂಚು ಹೋಗಿ ನಿಲ್ಲುತ್ತದೆ. ಜೇಡಿಯಾದರೆ ಬೆಣ್ಣೆಗೆ ಚಾಕು ಇಳಿದಂತೆ ಇಳಿದು, ಎತ್ತಿದಾಗ ತುದಿಗೆ ಮೆತ್ತಿಕೊಂಡು ಬರುತ್ತದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಯ ಪಕ್ಕದ ಜಾಗವನ್ನು ಹಳೆಯ ನೆನಪಿನ ಮೇಲೆ ಗಟ್ಟಿ ಎಂದು ನಂಬುವ ಕಾಲ ಇದಲ್ಲ. ನೀರಿನ ಮಟ್ಟ ಫುಟಿಂಗಿನ ಬುಡದವರೆಗೆ ಏರಿದರೆ ಮರಳು, ಗರಸಿನಂಥ ಮಣ್ಣು ಹೊರುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯಬಹುದು.

ಎರಡನೆಯದು ಗುಂಡು. ಅಂತರಗಂಗೆ ಬೆಟ್ಟದ ಬುಡದಂಥ ಜಾಗದಲ್ಲಿ ಜೆಸಿಬಿ ಹಲ್ಲಿಗೆ ಕಲ್ಲು ತಗುಲಿದ ಕೂಡಲೇ ಬಂಡೆ ಬಂತೆಂದು ಕೆಲಸ ನಿಲ್ಲಿಸುತ್ತಾರೆ. ಮಣ್ಣಿನಲ್ಲಿ ಹೂತ ಬಿಡಿ ಗುಂಡೂ ಹಾಗೆಯೇ ತಗುಲುತ್ತದೆ. ಸುತ್ತ ಬಿಡಿಸಿ ಅಂಚು ನೋಡಬೇಕು. ಅಂಚು ದುಂಡಾಗಿ ಒಳಕ್ಕೆ ತಿರುಗಿದ್ದರೆ ಅದು ಗುಂಡು. ಅದನ್ನು ತೆಗೆಯದೆ ಒಂದು ಪಿಲ್ಲರನ್ನು ಅದರ ಮೇಲೆ, ಪಕ್ಕದ್ದನ್ನು ಮಣ್ಣಿನ ಮೇಲೆ ನಿಲ್ಲಿಸಿದರೆ ಒಂದು ಇಳಿಯುತ್ತದೆ, ಇನ್ನೊಂದು ಇಳಿಯುವುದಿಲ್ಲ. ಮನೆ ಬಿರುಕು ಬಿಡುವುದು ಇಳಿದಿದ್ದಕ್ಕಲ್ಲ, ಒಂದೊಂದು ಕಡೆ ಒಂದೊಂದು ಥರ ಇಳಿದಿದ್ದಕ್ಕೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಅದರ ಗುರುತು. ನಿಜವಾದ ಬಂಡೆಯೇ ಆಗಿ ಇಳಿಜಾರಾಗಿದ್ದರೆ ಮೆಟ್ಟಿಲಿನಂತೆ ಮಟ್ಟಸವಾಗಿ ಕಡಿದು ಕೂರಿಸಬೇಕು.

ಮೂರನೆಯದು ತೆಳು ಗಟ್ಟಿ: ಮೇಲೆ ಒಂದೂವರೆ ಅಡಿ ಗರಸು, ಅದರಡಿ ಮೆತ್ತನೆ ಮಣ್ಣು. ಚೌಕ ಫುಟಿಂಗಿನ ಒತ್ತಡ ಹತ್ತರಲ್ಲೊಂದು ಪಾಲಿಗೆ ಇಳಿಯುವುದು ಅದರ ಅಗಲದ ಎರಡು ಪಟ್ಟು ಆಳದಲ್ಲಿ. ಐದಡಿ ಫುಟಿಂಗಿಗೆ ಅದರ ಕೆಳಗಿನ ಹತ್ತಡಿ ಮಣ್ಣೂ ಗಟ್ಟಿ ಇರಬೇಕು. ಇದನ್ನು ಗುಂಡಿಯಲ್ಲಿ ನಿಂತು ಹೇಳಲಾಗದು. ಅನುಮಾನವಿದ್ದರೆ ಬೋರ್ ಕೊರೆದು ಎಸ್‌ಪಿಟಿ ಮಾಡಿಸಬೇಕು. 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತಾ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವ ಪರೀಕ್ಷೆ ಅದು.

ಇನ್ನು ಲೆಕ್ಕ. ಗಟ್ಟಿಗೆ ಕಾಗದದ ಮೇಲಿನ ಹೆಸರು ಎಸ್‌ಬಿಸಿ, ಅಂದರೆ ಸೇಫ್ ಬೇರಿಂಗ್ ಕೆಪಾಸಿಟಿ: ಒಂದು ಚದರ ಮೀಟರ್ ನೆಲ ಸುರಕ್ಷಿತವಾಗಿ ಹೊರಬಲ್ಲ ಟನ್ನು. ನೆಲ ಮತ್ತು ಮೊದಲ ಮಹಡಿಯ ಮನೆ, 9 ಇಂಚಿನ ಇಟ್ಟಿಗೆ ಗೋಡೆ, ಹತ್ತಡಿ ಅಗಲದ ಕೋಣೆಗಳು ಎಂದುಕೊಳ್ಳಿ. ಗೋಡೆ, ಎರಡು ಮೋಲ್ಡು (ಕಾಂಕ್ರೀಟ್ ಛಾವಣಿ), ಜನ ಸಾಮಾನು, ಪಾಯದ ಕಲ್ಲು ಎಲ್ಲ ಸೇರಿ ನಡುವಿನ ಗೋಡೆಯ ಒಂದು ಮೀಟರ್ ಉದ್ದಕ್ಕೆ ಸುಮಾರು 8.5 ಟನ್. ಎಸ್‌ಬಿಸಿ 15 ಇದ್ದರೆ ತಳದ ಅಗಲ ಎರಡಡಿ ಸಾಕು. 7.5 ಇದ್ದರೆ ನಾಲ್ಕಡಿ ಬೇಕು. ತಳದ ಅಗಲ ಎರಡಡಿಯಿಂದ ಎರಡೂವರೆ ಅಡಿಯೊಳಗೆ ಮುಗಿಯುವುದಾದರೆ, ಗಟ್ಟಿ ನಾಲ್ಕಡಿಯೊಳಗೆ ಎಲ್ಲೆಡೆ ಸಮವಾಗಿ ಸಿಕ್ಕಿದ್ದರೆ, ಸೈಜುಗಲ್ಲಿನ ಪಾಯವೇ ಸರಿ. ಕಲ್ಲು ಇಲ್ಲಿಯದೇ, ಕೆಲಸ ಬಲ್ಲವರೂ ಇಲ್ಲಿಯವರೇ. ತಳಕ್ಕೆ 1:4:8 (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್ ನಾಲ್ಕಿಂಚು, ಮೇಲೆ 1:6 ಸಿಮೆಂಟ್ ಮರಳಿನ ಗಾರೆಯಲ್ಲಿ ಕಲ್ಲು, ಗೋಡೆಯ ಎರಡೂ ಮುಖ ಹಿಡಿಯುವ ಉದ್ದಗಲ್ಲು ನಡುನಡುವೆ, ಕೊನೆಗೆ ಕಂಬಿ ಹಾಕಿದ ಕಾಂಕ್ರೀಟ್ ಬೆಲ್ಟ್. ಇಂಥ ನೆಲದಲ್ಲಿ "ಪಿಲ್ಲರ್ ಹಾಕಿದರೇ ಭದ್ರ" ಎಂದು ಹಣ ಹೂಳುವುದು ವ್ಯರ್ಥ.

ಮುಂದೆ ಇನ್ನೊಂದು ಮಹಡಿ ಏರಿಸುವ ಯೋಚನೆ ಇದ್ದರೆ, ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದ ಜಾಗ ಬೇಕಿದ್ದರೆ, ಗಟ್ಟಿ ಐದಾರು ಅಡಿಗಿಳಿದಿದ್ದರೆ ಪಿಲ್ಲರ್ ಫುಟಿಂಗ್. ಒಂದು ಪಿಲ್ಲರಿಗೆ 35 ಟನ್ ಬರುವುದಾದರೆ, ಫುಟಿಂಗಿನ ಸ್ವಂತ ಭಾರವನ್ನೂ ಸೇರಿಸಿ, ಎಸ್‌ಬಿಸಿ 15ರಲ್ಲಿ ಐದೂಕಾಲು ಅಡಿ ಚೌಕ. ಅದೇ 7.5ರಲ್ಲಿ ಏಳೂವರೆ ಅಡಿ. ಪಿಲ್ಲರುಗಳ ನಡುವೆ ಹತ್ತಡಿ ಮಾತ್ರ ಇದ್ದರೆ ಫುಟಿಂಗುಗಳು ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ ಬರುತ್ತವೆ. ಫುಟಿಂಗುಗಳೇ ಕಟ್ಟಡದ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನುವುದಾದರೆ ರಾಫ್ಟ್ ಕಡೆ ಯೋಚಿಸಬೇಕು. ಹೊಸದಾಗಿ ತುಂಬಿದ ಸಡಿಲ ಮಣ್ಣಿಗೆ ಮಾತ್ರ ರಾಫ್ಟೂ ಮದ್ದಲ್ಲ. ಆ ಮಣ್ಣು ತನ್ನ ಭಾರಕ್ಕೆ ತಾನೇ ಇಳಿಯುತ್ತಿರುತ್ತದೆ.

ಪೈಲ್ ಈ ಭಾಗದ ಮನೆಗಳಿಗೆ ಅಪರೂಪ. ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿಬಿಡುವ ಎರೆ ನೆಲದಲ್ಲಿ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ. 30 ಸೆಂ.ಮೀ. ದಪ್ಪದ ಕಂಬಕ್ಕೆ ಕೆಳಗೆ 75 ಸೆಂ.ಮೀ. ಅಗಲದ ಗಡ್ಡೆ. ಪೈಲುಗಳ ಮೇಲೆ ಹಾಯುವ ಬೀಮಿನ ಅಡಿಗೆ ಮಣ್ಣು ತಾಗದಂತೆ ಮೂರಿಂಚು ಖಾಲಿ ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಎರೆ ಬೀಮನ್ನೇ ಎತ್ತುತ್ತದೆ.

ಗಟ್ಟಿ ಸಿಕ್ಕ ಮೇಲೂ ಅದನ್ನು ಕೆಡಿಸಿಕೊಳ್ಳಬಹುದು. ಜೆಸಿಬಿ ಹಲ್ಲು ತಳವನ್ನು ಉಳುತ್ತದೆ, ಆದ್ದರಿಂದ ಕೊನೆಯ ಅರ್ಧ ಅಡಿ ಕೈಯಲ್ಲೇ ತೆಗೆಸಬೇಕು. ಒಂದು ಕಡೆ ಹೆಚ್ಚು ಆಳ ಹೋದರೆ ಅದೇ ಮಣ್ಣು ತುಂಬಿ ಮಟ್ಟ ಮಾಡಬಾರದು, ಬೆಡ್ ಕಾಂಕ್ರೀಟಿನಿಂದಲೇ ತುಂಬಬೇಕು. ರಾತ್ರಿ ಮಳೆ ಬಂದು ನೀರು ನಿಂತಿದ್ದರೆ ನೀರು ತೋಡಿ, ಕೆಸರಾದ ಪದರ ಕೆರೆದು, ಆಮೇಲೆ ಕಾಂಕ್ರೀಟ್. ಫುಟಿಂಗ್ ಕಂಬಿಯ ಕೆಳಗೆ 50 ಎಂಎಂ ಕವರ್ ಬ್ಲಾಕ್ (ಕಂಬಿಯನ್ನು ಬೆಡ್ಡಿನಿಂದ ಎತ್ತಿ ಹಿಡಿಯುವ ಬಿಲ್ಲೆ) ಇಡದೆ ಜಲ್ಲಿಚೂರು ಇಡುವುದು ಇಲ್ಲಿ ಮಾಮೂಲು. ಜಲ್ಲಿ ಜಾರಿದರೆ ಕಂಬಿ ಬೆಡ್ಡಿಗೇ ಕೂತು, ಮುಂದೆ ತುಕ್ಕು ಹಿಡಿಯುತ್ತದೆ.

ಜಗಳ ಆಗುವುದು ಹೆಚ್ಚಾಗಿ ಆಳದ ಲೆಕ್ಕದಲ್ಲಿ. ಚದರದ (ನೂರು ಚದರಡಿಯ) ದರದೊಳಗೆ "5 ಅಡಿ ಪಾಯ" ಎಂದಿರುತ್ತದೆ, ಗಟ್ಟಿ ಏಳಡಿಗೆ ಸಿಕ್ಕುತ್ತದೆ. ಐದಡಿಗೇ ನಿಲ್ಲಿಸಲು ಮೇಸ್ತ್ರಿಗೆ ಆಸೆ, ಮಾಲೀಕರಿಗೂ ಆಸೆ. ಕರಾರಿನಲ್ಲಿ "ಗಟ್ಟಿ ಸಿಗುವವರೆಗೆ, 5 ಅಡಿ ಮೀರಿದರೆ ಪ್ರತಿ ಅಡಿಗೆ ಇಷ್ಟು" ಎಂದು ಮೊದಲೇ ಬರೆಸಿ. ಬೆಡ್ ಹಾಕುವ ಮುನ್ನ ಪ್ರತಿ ಗುಂಡಿಯೊಳಗೆ ಟೇಪು ಹಿಡಿದು, ಗುಂಡಿಯ ನಂಬರು ಕಾಣುವಂತೆ ಒಂದೊಂದು ಫೋಟೊ ತೆಗೆದಿಡಿ.