ಜೂನ್ 1ಕ್ಕೆ ನಿಮ್ಮ ಮಗುವಿಗೆ ಎಷ್ಟು?

ಶಿರಸಿ ಕಡೆಯ ಹಳೇ ತಲೆಗಳ ಶಾಲೆ ದಾಖಲೆ ತೆಗೆದು ನೋಡಿ. ಎಷ್ಟೋ ಜನ ಹುಟ್ಟಿದ್ದು ಜೂನ್ 1ರಂದೇ! ನನ್ನ ಅಪ್ಪನೂ ಅಷ್ಟೇ. ಅಜ್ಜಿಯ ಲೆಕ್ಕದಲ್ಲಿ ಅವನು ಹುಟ್ಟಿದ್ದು ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ. ಮಾಸ್ತರು ಬಲಗೈಯನ್ನು ತಲೆ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು, ಅಂದರೆ ಶಾಲೆಗೆ ಸೇರುವ ವಯಸ್ಸಾಯಿತು. ಪುಸ್ತಕದಲ್ಲಿ ಜೂನ್ 1 ಬಿತ್ತು.

ಈಗ ಕೆಲವರು ಬೇಕೆಂದೇ ಮಕ್ಕಳನ್ನು ಒಂದು ವರ್ಷ ತಡವಾಗಿ ಶಾಲೆಗೆ ಸೇರಿಸುತ್ತಾರೆ. ಆಗಲೂ ತಡವಾಗಿ ಸೇರಿಸುವವರಿದ್ದರು. ಕಾರಣ ಮಾತ್ರ ಬೇರೆ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಹಳ್ಳ ತುಂಬಿದರೆ ಕಾಲುಸಂಕದ ಮೇಲೆ ಸಣ್ಣ ಮಗುವನ್ನು ಒಂದೇ ಕಳಿಸುವುದು ಹೇಗೆ? 'ಇನ್ನೊಂದು ಮಳೆಗಾಲ ಕಳೀಲಿ' ಅಂದರೆ ಮುಗಿಯಿತು.

ಕಾಗದದ ಲೆಕ್ಕ ಬಿಗಿಯಾದದ್ದು ಆಮೇಲೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರ ಮಾತಾಡಿತು. 2020ರ ಶಿಕ್ಷಣ ನೀತಿಯೂ ಒಂದನೇ ಕ್ಲಾಸಿಗೆ 6 ವರ್ಷ ಎಂದಿತು. 2022ರ ಜುಲೈನಲ್ಲಿ ರಾಜ್ಯ ಸರ್ಕಾರ ಜೂನ್ 1ಕ್ಕೆ 6 ತುಂಬಿರಬೇಕು ಎಂದು ಆದೇಶಿಸಿತು. ಗಲಾಟೆಯಾದ ಮೇಲೆ ಅದನ್ನು 2025–26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ ಮತ್ತೆ ಪೋಷಕರ ಒತ್ತಾಯ. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 5 ವರ್ಷ 5 ತಿಂಗಳಾದರೂ ಸಾಕು, ಆದರೆ ಈ ಒಂದು ವರ್ಷಕ್ಕೆ ಮಾತ್ರ ಎಂದರು.

ಆ ಒತ್ತಾಯವೆಲ್ಲ 'ಬೇಗ ಸೇರಿಸಿಕೊಳ್ಳಿ' ಅಂತ. ಆದರೆ ಉಲ್ಟಾ ಲೆಕ್ಕ ಹಾಕುವವರೂ ಇದ್ದಾರೆ. ಅವರ ಕಣ್ಣು ಐದನೇ ಕ್ಲಾಸಿನ ಮೇಲೆ, ಅಂದರೆ ನವೋದಯ ಪರೀಕ್ಷೆಯ ಮೇಲೆ.

1986ರ ಶಿಕ್ಷಣ ನೀತಿಯ ಕೂಸು ಈ ನವೋದಯ. ಹಳ್ಳಿಯ ಜಾಣ ಮಕ್ಕಳಿಗೆ ಪುಕ್ಕಟೆ ವಸತಿ ಶಾಲೆ. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. 80 ಪ್ರಶ್ನೆ, 100 ಅಂಕ, 2 ಗಂಟೆ. ಒಮ್ಮೆ ಬರೆದರೆ ಮತ್ತೆ ಬರೆಯುವ ಹಾಗಿಲ್ಲ. 2025–26ರ ಆರನೇ ಕ್ಲಾಸಿಗೆ 2013ರ ಮೇ 1ರಿಂದ 2015ರ ಜುಲೈ 31ರೊಳಗೆ ಹುಟ್ಟಿದವರು ಬರೆಯಬಹುದಿತ್ತು. ಬೆರಳು ಮಡಚಿ ಎಣಿಸಿ. 27 ತಿಂಗಳು! ಹತ್ತು ಹನ್ನೊಂದರ ಮಕ್ಕಳಲ್ಲಿ ಇದು ಸಣ್ಣ ಅಂತರವಲ್ಲ. ಅಂಕ ಕೊಡುವಾಗ ಈ ತಿಂಗಳುಗಳನ್ನು ಯಾರೂ ಕಳೆಯುವುದಿಲ್ಲ.

ಅಮೆರಿಕದಲ್ಲಿ ಹೀಗೆ ಬೇಕೆಂದೇ ತಡ ಮಾಡುವುದಕ್ಕೆ 'ರೆಡ್‌ಶರ್ಟಿಂಗ್' ಎನ್ನುತ್ತಾರೆ. ಆಟಗಾರನನ್ನು ಒಂದು ವರ್ಷ ಪಂದ್ಯಕ್ಕಿಳಿಸದೆ ಬಲಿಯಲು ಬಿಡುವ ಕಾಲೇಜು ಕ್ರೀಡೆಯ ಮಾತು ಅದು. ಅಲ್ಲಿ ಜಾಣ ಮಕ್ಕಳ ವಿಶೇಷ ತರಗತಿಗೆ ಐಕ್ಯೂ ಪರೀಕ್ಷೆಯಿಟ್ಟರೆ ಈ ಉಪಾಯ ಅಷ್ಟು ನಡೆಯದು. ಆ ಪರೀಕ್ಷೆ ಮಗುವನ್ನು ಅದೇ ವಯಸ್ಸಿನವರ ಜೊತೆಗೇ ಹೋಲಿಸುತ್ತದೆ. ಟೀಚರ್ ಹೆಸರು ಸೂಚಿಸುವ ಕಡೆ ಮಾತ್ರ ಕ್ಲಾಸಿನ ದೊಡ್ಡ ಮಗುವೇ ಚುರುಕಾಗಿ ಕಾಣುತ್ತದೆ. ಅರ್ಥಶಾಸ್ತ್ರಜ್ಞರಾದ ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡೂಯಿ 2006ರಲ್ಲಿ ಹಲವು ದೇಶಗಳ ಅಂಕ ನೋಡಿದ್ದರು. ನಾಲ್ಕನೇ ಕ್ಲಾಸಿನಲ್ಲಿ 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ವಯಸ್ಸಿನಲ್ಲಿ ಅತಿ ಕಿರಿಯರು ಅತಿ ಹಿರಿಯರಿಗಿಂತ 4ರಿಂದ 12 ಸ್ಥಾನ ಹಿಂದೆ. ಎಂಟನೇ ಕ್ಲಾಸಿಗೆ ಅದು 2ರಿಂದ 9. ಕರಗುತ್ತದೆ, ಪೂರ್ತಿ ಅಲ್ಲ. ಆದರೆ ನವೋದಯದ ಬಾಗಿಲು ತೆರೆಯುವುದು ಅಂತರ ಜಾಸ್ತಿ ಇರುವಾಗಲೇ, ಅಲ್ವಾ?

2025ರಲ್ಲಿ ಪಕ್ಕದ ಮನೆಯಾಕೆ ಕ್ಯಾಲೆಂಡರ್ ಹಿಡಿದು ಬಂದಿದ್ದರು. ಮಗ ಹುಟ್ಟಿದ್ದು 2019ರ ಅಕ್ಟೋಬರ್. ಒಂದನೇ ಕ್ಲಾಸಿಗೆ ಸೀಟು ಸಿಗುತ್ತದೆ. ಆದರೂ ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಿಸಿದರೆ? ಇದೇ ನಿಯಮ ಉಳಿದರೆ ನವೋದಯಕ್ಕೆ ವಯಸ್ಸು ಮೀರುವುದಿಲ್ಲ, ಹಿರಿಯರ ಸಾಲಿಗೂ ಸೇರುತ್ತಾನೆ. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಮಗ ಜಗಲಿಯಲ್ಲಿ ಒಣ ಅಡಿಕೆ ಉರುಳಿಸುತ್ತ ಕೂತಿದ್ದ. 'ನಿಂಗೆ ಎಷ್ಟು ವರ್ಷವೋ?' ಅಂದೆ. ತಲೆ ಎತ್ತದೆಯೇ ಹೇಳಿದ.

'ಜೂನ್ ಒಂದಕ್ಕೆ ಐದು ವರ್ಷ, ಏಳು ತಿಂಗಳು ದಾಟಿ.'